ಬಿಗಿ ಭಾವನ ಧೂಳಿನ ಮಷೀನು

ನಮ್ಮ ಅಕ್ಕನ ಗಂಡನನ್ನು ಪ್ರೆಸ್ಸಿನಲ್ಲಿ ಎಲ್ಲರೂ ಬಿಗಿ ಎಂದೇ ಕರೆಯುತ್ತಿದ್ದರು. ಕಿರಿಯರಿಗೆ ಬಿಗಿ ಮೇಸ್ತ್ರಿ, ಜೊತೆಯವರಿಗೆ ಬಿಗಿಯಣ್ಣ, ಮ್ಯಾನೇಜರಿಗೆ ಸಿಟ್ಟು ಬಂದ ದಿನ ಬರೀ ಬಿಗಿ. ಶಾಲೆ ಪುಸ್ತಕ, ಕ್ಯಾಲೆಂಡರು ಅಚ್ಚು ಹಾಕುವ ಪ್ರೆಸ್ಸದು. ಅಲ್ಲಿ ಮೂವತ್ತಾರು ವರ್ಷ ಫಿಟ್ಟರ್ ಆಗಿದ್ದರು. ಅವರು ಒಮ್ಮೆ ತಿರುಗಿಸಿ ಕೂರಿಸಿದ ನಟ್ಟನ್ನು ಬಿಚ್ಚಬೇಕಾದರೆ ಅವರನ್ನೇ ಕರೆಸಬೇಕಾಗಿತ್ತು. ಎಷ್ಟೋ ಸಲ ಅವರ ಕೈಯಲ್ಲೂ ಆಗದೆ ನಟ್ಟನ್ನು ಕತ್ತರಿಸಿಯೇ ತೆಗೆದದ್ದುಂಟು. ಇದನ್ನು ಅವರು ನಾಲ್ಕು ಜನರ ಮುಂದೆ ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದರು. ನಾನು ಎದುರಿಗೆ ಭಾವ ಅನ್ನುತ್ತೇನೆ, ಹಿಂದಿನಿಂದ ಬಿಗಿ ಭಾವ ಅನ್ನುತ್ತೇನೆ.

ಇಂಥ ಮನುಷ್ಯ ನಿವೃತ್ತಿಯಾಗಿ ಮನೆಯಲ್ಲಿ ಕೂತರೆ ಏನಾಗಬೇಕೋ ಅದೇ ಆಯಿತು. ಮೊದಲ ವಾರ ಬಾಗಿಲುಗಳ ಹಿಡಿಕೆ ಬಿಗಿ ಮಾಡಿದರು. ಎರಡನೆಯ ವಾರ ಕುರ್ಚಿಗಳ ಕಾಲು, ಕುಕ್ಕರಿನ ಹಿಡಿ, ಫ್ಯಾನಿನ ಕೊಂಡಿ. ಅವರು ನಿಲ್ಲಿಸಿದ ನಲ್ಲಿಯನ್ನು ತೆರೆಯಬೇಕಾದರೆ ಅಕ್ಕ ಸೆರಗು ಸುತ್ತಿಕೊಂಡು ಎರಡೂ ಕೈ ಹಾಕಬೇಕು. ಒಂದು ದಿನ ನಾನು ಸುಮ್ಮನೆ ಮಾತಾಡಿಸಿಕೊಂಡು ಹೋಗೋಣ ಎಂದು ಹೋದರೆ ನನ್ನ ಮುಖವನ್ನೇ ನೋಡುತ್ತ, "ಕೊಡೋ ಇಲ್ಲಿ ಆ ಕನ್ನಡಕ, ಕಡ್ಡಿ ಸಡಿಲ ಆಗಿದೆ" ಎಂದರು. ಕೊಟ್ಟೆ. ನನ್ನಷ್ಟು ಪೆದ್ದ ಇನ್ನೊಬ್ಬನಿಲ್ಲ. ಟಕ್ ಅಂತ ಸದ್ದಾಯಿತು, ಬಲಗಡೆ ಗಾಜು ಎರಡು ಹೋಳಾಯಿತು. "ಗಾಜು ಸರಿಯಿಲ್ಲ" ಎಂದು ಭಾವ ತೀರ್ಪು ಕೊಟ್ಟರು.

ನಾನು ಔಷಧಿ ಅಂಗಡಿಯ ಕೌಂಟರಿನಲ್ಲಿ ಕೆಲಸ ಮಾಡುವವನು. ಭಾವ ನಿವೃತ್ತಿಯಾಗಿ ಎಂಟು ತಿಂಗಳಾಗಿತ್ತು. ಒಂದು ಬೆಳಗ್ಗೆ ಅಕ್ಕ ಕೈಯಲ್ಲೊಂದು ಚೀಲ ಹಿಡಿದು ಅಂಗಡಿ ಮೆಟ್ಟಿಲು ಹತ್ತಿ ಬಂದಳು.

"ನಿಮ್ಮನೇಲಿ ನನಗೊಂದು ಜಾಗ ಇದೆಯೇನೋ?" ಎಂದಳು.

"ಯಾಕಕ್ಕ, ಏನಾಯ್ತು? ಜಗಳವಾ?"

"ಜಗಳ ಆಡಿದ್ರೆ ಎಷ್ಟೋ ವಾಸಿ ಇತ್ತು ಕಣೋ." ಚೀಲದಿಂದ ಒಂದು ಸಕ್ಕರೆ ಡಬ್ಬಿ ತೆಗೆದು ಕೌಂಟರಿನ ಮೇಲೆ ಕುಕ್ಕಿದಳು. "ಬೆಳಗ್ಗೆಯಿಂದ ಒದ್ದಾಡ್ತಾ ಇದೀನಿ, ಇದರ ಮುಚ್ಚಳ ತೆಗೆಯೋಕಾಗ್ತಿಲ್ಲ. ನನ್ನ ಮನೇಲಿ ನಾನೊಂದು ಲೋಟ ಟೀ ಕುಡೀಬೇಕು ಅಂದ್ರೆ ಆ ಮನುಷ್ಯನ ಕೈ ಕಾಲು ಹಿಡೀಬೇಕು."

ಅಂಗಡಿಯಲ್ಲಿ ನಾವು ಮೂವರು ಗಂಡಸರಿದ್ದೆವು. ಮೂವರೂ ಸರದಿಯ ಮೇಲೆ ಪ್ರಯತ್ನಿಸಿದೆವು. ಕೆಮ್ಮಿನ ಔಷಧಿಗೆ ಬಂದಿದ್ದ ಒಬ್ಬ ದಪ್ಪಗಿನ ಗಿರಾಕಿಯೂ ಕೈ ಹಚ್ಚಿದ. ಡಬ್ಬಿ ಜಗ್ಗಲಿಲ್ಲ.

ಆ ಸಂಸಾರವನ್ನು ಉಳಿಸಿದ್ದು ನಾನಲ್ಲ, ಕರೆಂಟಿನಲ್ಲಿ ಮರ ಕೊಯ್ಯುವ ಒಂದು ಹಳೆಯ ಗರಗಸದ ಮೇಜು. ಪರಿಚಯದ ಮರಗೆಲಸದವರೊಬ್ಬರು ಅಂಗಡಿ ಮುಚ್ಚುವಾಗ ಅದನ್ನು ಭಾವನಿಗೆ ದಾಟಿಸಿದರು. ಭಾವ ಅದನ್ನು ಮಹಡಿಯ ಹಿಂದಿನ ಕೋಣೆಯಲ್ಲಿ ಇಟ್ಟುಕೊಂಡು ಸ್ಟೂಲು ಮಾಡತೊಡಗಿದರು. ಬೆಳಗ್ಗೆ ಒಳಗೆ ಹೋದರೆ ಊಟಕ್ಕೆ ಹೊರಗೆ, ಮತ್ತೆ ಒಳಗೆ ಹೋದರೆ ಸಂಜೆ ಟೀಗೆ ಹೊರಗೆ. ಅಕ್ಕನಿಗೆ ಅವಳ ಅಡುಗೆಮನೆ ವಾಪಸ್ ಸಿಕ್ಕಿತು. ಭಾವನ ಮುಖದಲ್ಲಿ ಕಳೆ ಬಂತು. ಸ್ಟೂಲುಗಳ ಬಗ್ಗೆ ನಾನು ಹೆಚ್ಚು ಹೇಳುವುದಿಲ್ಲ. ಒಂದೊಂದಕ್ಕೂ ಇಪ್ಪತ್ತು ಸ್ಕ್ರೂ. ನಮ್ಮ ಮನೆಯಲ್ಲಿ ಒಂದಿದೆ, ಕಸ ಗುಡಿಸುವಾಗ ಅದನ್ನು ಸರಿಸಲು ನಾನೂ ನನ್ನ ಹೆಂಡತಿಯೂ ಸೇರಬೇಕು.

ಎಲ್ಲ ನೆಟ್ಟಗಿತ್ತು ಅನ್ನುವಾಗ ಭಾವನಿಗೆ ಕೆಮ್ಮು ಶುರುವಾಯಿತು. ಡಾಕ್ಟರು ಎಕ್ಸ್-ರೇಯನ್ನು ಬೆಳಕಿಗೆ ಹಿಡಿದು ನೋಡಿ, ಮರದ ಧೂಳು ಇನ್ನು ಎದೆಯೊಳಗೆ ಹೋಗಕೂಡದು, ಧೂಳು ಎಳೆದುಕೊಳ್ಳುವ ಮಷೀನು ಇಟ್ಟುಕೊಳ್ಳಿ, ಆಗದಿದ್ದರೆ ಈ ಕೆಲಸವನ್ನೇ ಬಿಡಿ ಎಂದರು. ಅಕ್ಕ ಅದನ್ನು ಅಲ್ಲೇ ಕಾನೂನು ಮಾಡಿದಳು. ಧೂಳಿನ ಮಷೀನು ಓಡುತ್ತಿದ್ದರೆ ಮಾತ್ರ ಗರಗಸ ಓಡಬೇಕು. ಅದು ನಿಂತರೆ ಇದೂ ನಿಲ್ಲಬೇಕು.

ಹೀಗೆ ಆ ಮಷೀನು ಮನೆಗೆ ಬಂತು. ನನ್ನ ಎದೆಯೆತ್ತರ ಇತ್ತು. ಕೆಳಗೆ ಮೋಟಾರು, ಅದಕ್ಕೆ ಅಂಟಿಕೊಂಡಂತೆ ತಗಡಿನ ಗೂಡು, ಗೂಡಿನೊಳಗೆ ಊಟದ ತಟ್ಟೆಗಿಂತ ಸ್ವಲ್ಪ ದೊಡ್ಡದಾದ ರೆಕ್ಕೆಗಳ ಚಕ್ರ. ಚಕ್ರ ತಿರುಗಿದರೆ ತೋಳು ದಪ್ಪದ ಕೊಳವೆಯಲ್ಲಿ ಗಾಳಿ ಎಳೆದುಕೊಂಡು ಗರಗಸದ ಬುಡದಲ್ಲಿದ್ದ ಹೊಟ್ಟನ್ನೆಲ್ಲ ತಂದು ಚೀಲಕ್ಕೆ ತುಂಬುತ್ತದೆ. ಹಳೆಯದು, ಯಾರೋ ಬಳಸಿ ಬಿಟ್ಟದ್ದು. ಭಾವ ಅದನ್ನು ತಂದ ದಿನವೇ ಪೂರ್ತಿ ಬಿಚ್ಚಿ, ಒರೆಸಿ, ತಮ್ಮ ರೀತಿಯಲ್ಲಿ ಮತ್ತೆ ಜೋಡಿಸಿದರು. ಸ್ವಿಚ್ ಹಾಕಿದರು. ನಾನು ಎರಡು ಕಿವಿಗೂ ಬೆರಳಿಟ್ಟುಕೊಂಡು ಮೆಟ್ಟಿಲ ತನಕ ಹಿಂದೆ ಸರಿದೆ.

"ಎಷ್ಟು ಮೆತ್ತಗೆ ಓಡ್ತಿದೆ ನೋಡು!" ಎಂದು ಭಾವ ಕೂಗಿದರು.

ಪ್ರೆಸ್ಸು ಅವರ ಕಿವಿಗಳನ್ನು ಎಂದೋ ತಿಂದು ಹಾಕಿತ್ತು. ಎಡಕಿವಿ ಪೂರ್ತಿ ಹೋಗಿದೆ, ಬಲಕಿವಿ ಅರ್ಧ. ಅವರ ಪಾಲಿಗೆ ಆ ಮಷೀನು ಒಂದು ಸಾಧು ಪ್ರಾಣಿ.

ಕೆಳಗಿನ ಮನೆಯಲ್ಲಿ ವಾಚಮ್ಮ ಇದ್ದರು. ಮನೆಯೂ ಅವರದೇ. ಅಕ್ಕ ಭಾವ ಹತ್ತೊಂಬತ್ತು ವರ್ಷದಿಂದ ಅವರ ಮಹಡಿಯ ಬಾಡಿಗೆದಾರರು. ವಾಚಮ್ಮ ಮದುವೆಯಾಗದೆ ಉಳಿದು, ತಂದೆಯಿಂದ ಕಲಿತ ಗಡಿಯಾರ ರಿಪೇರಿಯನ್ನು ಮನೆಯಲ್ಲೇ ಮಾಡಿಕೊಂಡಿದ್ದವರು. ಹಣೆಯ ಮೇಲೆ ಯಾವಾಗಲೂ ಕಣ್ಣಿಗೆ ಹಾಕುವ ಭೂತಗನ್ನಡಿ. ಮಾತು ಅಳೆದು ತೂಗಿ. ನನ್ನ ವಾಚನ್ನು ಒಮ್ಮೆ ಕೊಟ್ಟಿದ್ದೆ, ಹಿಂಬದಿ ತೆಗೆದು ನೋಡಿ, "ಇದನ್ನ ಯಾರೋ ಬಿಗಿ ಮಾಡಿದಾರೆ" ಎಂದರು. ನಾನು ಮನೆಯ ಮರ್ಯಾದೆಗೆ ಅಂಜಿ ಬಾಯಿ ಬಿಡಲಿಲ್ಲ. ಅವರ ಕೆಲಸದ ಮೇಜು ಇದ್ದದ್ದು ಸರಿಯಾಗಿ ಭಾವನ ಹಿಂದಿನ ಕೋಣೆಯ ಕೆಳಗೆ.

ಮಷೀನು ಬಂದ ಮೂರನೆಯ ದಿನ ವಾಚಮ್ಮ ಒಂದು ಬಿಳಿ ಸಾಸರ್ ಹಿಡಿದು ಮೆಟ್ಟಿಲು ಹತ್ತಿ ಬಂದರು. ಹತ್ತೊಂಬತ್ತು ವರ್ಷದಲ್ಲಿ ಅವರು ಮೇಲೆ ಬಂದದ್ದು ಅದು ಮೂರೋ ನಾಲ್ಕೋ ಸಲ ಇರಬೇಕು.

"ಇದರಲ್ಲಿ ಹನ್ನೊಂದು ಸ್ಕ್ರೂ ಇಟ್ಟಿದ್ದೆ ಮೇಸ್ತ್ರಿಗಳೇ" ಎಂದರು. "ಈಗ ಏಳಿವೆ. ನಾಲ್ಕು ಎದ್ದು ನಡಕೊಂಡು ಹೋಗಿವೆ."

ಭಾವನಿಗೆ ಕೇಳಿಸಲಿಲ್ಲ. ಅಕ್ಕ ಕಿವಿಯ ಹತ್ತಿರ ಹೋಗಿ ಕೂಗಿ ಹೇಳಿದಳು. ಭಾವ ಸಾಸರಿನೊಳಗೆ ಬಗ್ಗಿ ನೋಡಿದರು. ಸಾಸಿವೆಗಿಂತ ಸಣ್ಣ ಸ್ಕ್ರೂಗಳು. ಇವನ್ನೂ ಸ್ಕ್ರೂ ಅನ್ನುತ್ತಾರಾ ಎಂಬಂಥ ಒಂದು ಕನಿಕರ ಅವರ ಮುಖದಲ್ಲಿ ಬಂದು ಹೋಯಿತು.

"ಮಷೀನು ಅಲುಗಾಡ್ತಿರಬೇಕು ಅಮ್ಮಾವ್ರೇ. ನೀವು ಹೋಗಿ, ಬಿಗಿ ಮಾಡ್ತೀನಿ" ಎಂದರು.

ಮಾಡಿದರು. ನೆಲಕ್ಕೆ ನಾಲ್ಕು ತೂತು ಕೊರೆದು ಹೆಬ್ಬೆರಳು ದಪ್ಪದ ನಾಲ್ಕು ಬೋಲ್ಟು ಇಳಿಸಿ ಮಷೀನಿನ ಕಾಲುಗಳನ್ನು ನೆಲಕ್ಕೆ ಕಚ್ಚಿಸಿದರು. ಅಷ್ಟಕ್ಕೂ ಸಮಾಧಾನವಾಗದೆ ಎರಡು ಕಬ್ಬಿಣದ ಪಟ್ಟಿ ತಂದು ಗೋಡೆಗೂ ಕಟ್ಟಿದರು. ನನ್ನನ್ನು ಕರೆಸಿ ತೋರಿಸಿದರು. ನಿಜ ಹೇಳಬೇಕೆಂದರೆ ಮಷೀನು ಒಂದಿಷ್ಟೂ ಅಲ್ಲಾಡುತ್ತಿರಲಿಲ್ಲ, ಬಂಡೆಯಂತೆ ನಿಂತಿತ್ತು. ಆದರೆ ಉಳಿದದ್ದೆಲ್ಲ ಅಲ್ಲಾಡುತ್ತಿತ್ತು. ಅಡುಗೆಮನೆಯಲ್ಲಿ ಲೋಟಗಳು ಒಂದಕ್ಕೊಂದು ತಾಕಿ ಕಿಣಿಕಿಣಿ ಅನ್ನುತ್ತಿದ್ದವು. ಗೋಡೆಗೆ ಒರಗಿದರೆ ಹಲ್ಲು ಜುಮ್ಮೆನ್ನುತ್ತಿತ್ತು. ಕೆಳಗೆ ವಾಚಮ್ಮನ ಗೋಡೆಯ ಮೇಲಿದ್ದ ಹದಿನಾಲ್ಕು ಗಡಿಯಾರಗಳು ಆ ಸಂಜೆ ಹದಿನಾಲ್ಕು ಬೇರೆ ಬೇರೆ ಹೊತ್ತು ತೋರಿಸಿದವು.

ಅವತ್ತು ಅವರು ಸಾಸರ್ ತರಲಿಲ್ಲ. ಬರಿಗೈಯಲ್ಲಿ ಬಂದು ಬಾಗಿಲಲ್ಲಿ ನಿಂತರು.

"ನಿಮ್ಮನ್ನ ಖಾಲಿ ಮಾಡಿ ಅಂತ ನಾನು ಹೇಳಲ್ಲ. ಹತ್ತೊಂಬತ್ತು ವರ್ಷ ಒಂದು ಮಾತಿಲ್ಲದೆ ಇದ್ದೀವಿ. ಆದರೆ ಬರೋ ಭಾನುವಾರದೊಳಗೆ ಆ ಮಷೀನು ಸುಮ್ಮನಾಗಬೇಕು, ಇಲ್ಲಾ ಕೆಳಗಿಳೀಬೇಕು. ನನ್ನ ಹೊಟ್ಟೆಪಾಡು ಆ ಮೇಜಿನ ಮೇಲಿದೆ."

ತಪ್ಪೇನಿತ್ತು ಅವರ ಮಾತಿನಲ್ಲಿ? ಒಂದಿಷ್ಟೂ ಇಲ್ಲ. ಅವರು ಇಳಿದು ಹೋದ ಮೇಲೆ ಅಕ್ಕ ನನ್ನ ತೋಳು ಹಿಡಿದು ಅಡುಗೆಮನೆಗೆ ಎಳೆದುಕೊಂಡು ಹೋದಳು.

"ಆ ಮಷೀನು ಇಳೀತು ಅಂದ್ರೆ ಗರಗಸ ನಿಂತ್ಹೋಗುತ್ತೆ. ಗರಗಸ ನಿಂತ್ರೆ ಇವರು ಎಲ್ಲಿಗೆ ಬರ್ತಾರೆ ಗೊತ್ತಾ? ಇಲ್ಲಿಗೆ. ಏನಾದರೂ ಮಾಡೋ. ಓದಿದೋನು ನೀನು."

ನಾನು ಓದಿದ್ದು ಔಷಧಿ ವಿಷಯ. ಆದರೂ ಅಕ್ಕ ಕೇಳಿದಾಗ ಗೊತ್ತಿಲ್ಲ ಅನ್ನಲು ಯಾವ ತಮ್ಮನಿಗೆ ಬಾಯಿ ಬರುತ್ತದೆ? ಸದ್ದು ತಾನೇ, ಮುಚ್ಚಿಟ್ಟರೆ ಆಯಿತು ಎಂದೆ. ಪ್ಲೈವುಡ್ಡಿನ ಪೆಟ್ಟಿಗೆಯೊಂದನ್ನು ಮಾಡಿ, ಒಳಗೆಲ್ಲ ಹಾಸಿಗೆಯ ಸ್ಪಂಜು ಬಡಿದು, ಮಷೀನನ್ನು ಅದರೊಳಗೆ ಕೂರಿಸಿಬಿಡೋಣ. ಭಾವನಿಗೆ ಐಡಿಯಾ ಬಹಳ ಹಿಡಿಸಿತು. ಹಾಸಿಗೆ ಎಲ್ಲಿಂದ ತಂದರು ಎಂದು ನಾನು ಕೇಳಲಿಲ್ಲ. ಕೇಳಬೇಕಿತ್ತು. ಗುರುವಾರ ಮಧ್ಯಾಹ್ನದ ಹೊತ್ತಿಗೆ ಪೆಟ್ಟಿಗೆ ತಯಾರಾಗಿ ಮಷೀನಿನ ಸುತ್ತ ಎದ್ದು ನಿಂತಿತು. ಮೂಲೆ ಮೂಲೆಗೆ, ಎರಡೆರಡು ಬೆರಳಿಗೊಂದರಂತೆ, ಒಟ್ಟು ಅರವತ್ತೆರಡು ಸ್ಕ್ರೂ. ಸ್ವಿಚ್ ಹಾಕಿದೆವು. ಸದ್ದು ನಿಜಕ್ಕೂ ಅರ್ಧಕ್ಕಿಳಿಯಿತು. ನಾನು ಬೀಗುತ್ತ ಅಕ್ಕನ ಕಡೆ ನೋಡಿದೆ.

ಹತ್ತು ನಿಮಿಷಕ್ಕೆ ಒಂಥರಾ ವಾಸನೆ ಬಂತು. ಮೋಟಾರಿಗೂ ಉಸಿರಾಡಲು ಗಾಳಿ ಬೇಕು ಅನ್ನುವುದು ನಮ್ಮಿಬ್ಬರ ತಲೆಗೂ ಹೊಳೆದಿರಲಿಲ್ಲ. ಪೆಟ್ಟಿಗೆಯ ಸಂದಿಯಿಂದ ತೆಳ್ಳಗೆ ಹೊಗೆ ಬರತೊಡಗಿತು. ನಾನು ಸ್ವಿಚ್ ಆರಿಸಿದೆ. ಭಾವ ಸ್ಕ್ರೂಡ್ರೈವರ್ ಹಿಡಿದು ಪೆಟ್ಟಿಗೆ ಬಿಚ್ಚಲು ಕೂತರು. ಮೊದಲನೆಯ ಸ್ಕ್ರೂ ಬಿಚ್ಚಲಿಲ್ಲ. ಎರಡನೆಯದೂ ಬಿಚ್ಚಲಿಲ್ಲ. ತಾವೇ ಹಾಕಿದ್ದಲ್ಲವೇ!

"ಸುತ್ತಿಗೆ ತಗೊಳ್ಳಿ ಭಾವ!" ಎಂದು ನಾನು ಅರಚಿದೆ.

"ಕೂಡಿಸಿದ್ದನ್ನ ಒಡೀಬಾರದು" ಎಂದು ಅವರು ತಣ್ಣಗೆ ಮೂರನೆಯದಕ್ಕೆ ಕೈ ಹಾಕಿದರು.

ಅಷ್ಟರಲ್ಲಿ ಅಕ್ಕ ಒಂದು ಕೊಡ ನೀರು ಹೊತ್ತು ಓಡಿ ಬಂದಳು. ಮಷೀನಿನಲ್ಲಿ ಕರೆಂಟು ಇದೆ, ಬೇಡ ಎಂದು ನಾನು ಅಡ್ಡ ನಿಂತೆ, ಪ್ಲಗ್ಗು ಕಿತ್ತೆ, ಅವಳು ಹಾಕಿಯೇಬಿಟ್ಟಳು. ಅರ್ಧ ನೀರು ಪೆಟ್ಟಿಗೆಗೆ, ಅರ್ಧ ನನಗೆ. ಕೊನೆಗೆ ನಾನೇ ಒದ್ದು ಒಂದು ಬದಿ ಮುರಿದೆ. ಒಳಗಿನಿಂದ ಸುಟ್ಟ ಅಂಚಿನ ಸ್ಪಂಜು, ಅದರ ಮೇಲೆ ನೀಲಿ ಹೂವಿನ ಬಟ್ಟೆ ಹೊರಗೆ ಬಂತು. ಅಕ್ಕ ಅದನ್ನು ಕೈಗೆತ್ತಿಕೊಂಡು ನೋಡಿದಳು.

"ಇದು ನೆಂಟರ ಹಾಸಿಗೆ" ಎಂದಳು.

ಪುಣ್ಯಕ್ಕೆ ಮೋಟಾರು ಸುಟ್ಟಿರಲಿಲ್ಲ. ಕೆಳಗೆ ಹೋಗಿ ವಾಚಮ್ಮನನ್ನು ಕೇಳಿದೆ, ಆ ಹತ್ತು ನಿಮಿಷ ಹೇಗಿತ್ತು ಎಂದು. "ಸದ್ದು ಕಮ್ಮಿ ಆಗಿತ್ತು. ಸ್ಕ್ರೂಗಳು ಮೊದಲಿನಷ್ಟೇ ನಡೀತಿದ್ವು" ಎಂದರು. ಆಗ ನನಗೊಂದು ಬುದ್ಧಿ ಬಂತು. ಕಿವಿಗೆ ಬೀಳುವ ಸದ್ದು ಬೇರೆ, ನೆಲದಲ್ಲಿ ಇಳಿದು ಬರುವ ನಡುಕ ಬೇರೆ. ಪೆಟ್ಟಿಗೆ ಮೊದಲನೆಯದಕ್ಕೆ ಮದ್ದು. ಅವರನ್ನು ಕಾಡುತ್ತಿದ್ದುದು ಎರಡನೆಯದು. ಬೇರೆ ಕಾಯಿಲೆಗೆ ಬೇರೆ ಮಾತ್ರೆ ಕೊಟ್ಟಿದ್ದೆ, ಅದೂ ಕೌಂಟರಿನಲ್ಲಿ ಇಷ್ಟು ವರ್ಷ ನಿಂತವನು.

ಶುಕ್ರವಾರ, ಶನಿವಾರ ಭಾವ ಗರಗಸ ಮುಟ್ಟಲಿಲ್ಲ. ಅರ್ಧ ಮಾಡಿದ ಸ್ಟೂಲಿನ ಮುಂದೆ ಸುಮ್ಮನೆ ಕೂತಿದ್ದರು. ಊಟಕ್ಕೆ ಕರೆದರೆ ಬಂದರು, ಬಡಿಸಿದ್ದನ್ನು ಉಂಡರು, ಎದ್ದರು. ಶನಿವಾರ ಸಂಜೆ ಅಡುಗೆಮನೆಗೆ ಬಂದು, ಕೈಯಲ್ಲಿ ಸ್ಪ್ಯಾನರ್ ಹಿಡಿದುಕೊಂಡು ನಲ್ಲಿಯನ್ನು ತುಂಬ ಹೊತ್ತು ನೋಡುತ್ತ ನಿಂತರಂತೆ. ಮುಟ್ಟಲಿಲ್ಲ. ಹಾಗೆಯೇ ಹೊರಟು ಹೋದರು. ಅಕ್ಕ ಗಾಬರಿಯಾದದ್ದು ಆಗ. ಬಿಗಿ ಮಾಡಿದ್ದರೆ ಬೈಯುತ್ತಿದ್ದೆ, ಮಾಡದೆ ಹೋದರಲ್ಲ, ಅದನ್ನು ನೋಡಲಾಗಲಿಲ್ಲ ಎಂದು ನನ್ನ ಮುಂದೆ ಕಣ್ಣೊರೆಸಿಕೊಂಡಳು.

ಚಪ್ಪಲಿ ಮೆಟ್ಟಿಕೊಂಡು ನೇರ ಕೆಳಗೆ ಹೋದಳು. ವಾಚಮ್ಮನಿಗೆ ಅವಳು ಏನು ಹೇಳಿದಳೋ ಪೂರ್ತಿ ನನಗೆ ಗೊತ್ತಿಲ್ಲ. "ನೀವೊಂದು ಸಲ ಬಂದು ಆ ಮಷೀನು ನೋಡಿ ಅಂದೆ, ಅಷ್ಟೇ" ಅನ್ನುತ್ತಾಳೆ. ಅಷ್ಟಕ್ಕೆ ಮುಕ್ಕಾಲು ಗಂಟೆ ಬೇಕಾಗುವುದಿಲ್ಲ.

ಭಾನುವಾರ ಬೆಳಗ್ಗೆ ಒಂಬತ್ತಕ್ಕೆ ವಾಚಮ್ಮ ಬಂದರು. ಹಣೆಯ ಮೇಲೆ ಭೂತಗನ್ನಡಿ, ಒಂದು ಕೈಯಲ್ಲಿ ಸಲಕರಣೆಯ ಸುರುಳಿ, ಇನ್ನೊಂದರಲ್ಲಿ ಒಂದು ಪೊಟ್ಟಣ. ಭಾವ ಕುರ್ಚಿಯಿಂದೆದ್ದು ನಿಂತರು. ಮಷೀನು ಇಳಿಸಲು ಬಂದರು ಎಂದೇ ಅಂದುಕೊಂಡಿದ್ದರು ಪಾಪ.

"ಪ್ಲಗ್ ತೆಗೀರಿ. ಗೂಡು ಬಿಚ್ಚಿ. ಚಕ್ರ ನೋಡಬೇಕು" ಎಂದರು ವಾಚಮ್ಮ.

ಗೂಡು ಬಿಚ್ಚಲು ನಲವತ್ತು ನಿಮಿಷ ಹಿಡಿಯಿತು. ಕಾರಣ ಬಿಡಿಸಿ ಹೇಳಬೇಕಾಗಿಲ್ಲ. ವಾಚಮ್ಮ ಅಷ್ಟು ಹೊತ್ತೂ ಭಾವ ಮಾಡಿದ ಸ್ಟೂಲೊಂದರ ಮೇಲೆ ಬೆನ್ನು ನೆಟ್ಟಗೆ ಮಾಡಿ ಕೂತು ಕಾದರು. ಗೂಡು ತೆರೆದ ಮೇಲೆ ಎದ್ದು ಬಂದು ರೆಕ್ಕೆಯ ಚಕ್ರವನ್ನು ಒಂದು ಬೆರಳಿನಿಂದ ಮೆಲ್ಲಗೆ ತಿರುಗಿಸಿ ಬಿಟ್ಟರು. ಅದು ಒಂದೆರಡು ಸುತ್ತು ತಿರುಗಿ, ತೂಗಾಡಿ, ನಿಂತಿತು. ಅವರು ಸೀಮೆಸುಣ್ಣದಿಂದ ಕೆಳಗಿನ ರೆಕ್ಕೆಗೆ ಒಂದು ಗೆರೆ ಎಳೆದರು. ಮತ್ತೆ ತಿರುಗಿಸಿದರು. ನಿಂತಾಗ ಗೆರೆ ಕೆಳಗೇ ಇತ್ತು. ಮೂರನೆಯ ಸಲ ತಿರುಗಿಸಿದಾಗ ನಾನೂ ಅಕ್ಕನೂ ಬಗ್ಗಿ ನೋಡುತ್ತಿದ್ದೆವು. ಗೆರೆ ಮತ್ತೆ ಬಂದು ಕೆಳಗೇ ನಿಂತಿತು.

"ಈ ಕಡೆ ಭಾರ ಇದೆ" ಎಂದರು. "ವಾಚಿನ ಚಕ್ರನೂ ಹೀಗೇ ನೋಡೋದು ನಾವು. ಭಾರ ಇರೋ ಕಡೆ ಕೆಳಗೆ ಬಂದು ನಿಲ್ಲುತ್ತೆ. ಒಂದು ಕಡೆ ಭಾರ ಇಟ್ಕೊಂಡು ತಿರುಗಿದ್ರೆ ನಡುಗದೆ ಇನ್ನೇನು ಮಾಡುತ್ತೆ ಅದು?"

ಟಾರ್ಚು ಹಾಕಿ, ಭೂತಗನ್ನಡಿ ಕಣ್ಣಿಗೆ ಇಳಿಸಿ ಆ ರೆಕ್ಕೆಯ ಬುಡಕ್ಕೆ ಮುಖ ಒಡ್ಡಿದರು. ಭೂತಗನ್ನಡಿ ಬೇಕಾಗಿಯೇ ಇರಲಿಲ್ಲ. ಉಳಿದ ರೆಕ್ಕೆಗಳ ಬುಡದಲ್ಲೆಲ್ಲ ಅವನ್ನು ಚಕ್ರಕ್ಕೆ ಹಿಡಿದಿಡುವ, ಬೇಳೆಕಾಳಿನಷ್ಟು ಸಣ್ಣ ರಿವೆಟ್ಟು. ಆ ಒಂದು ರೆಕ್ಕೆಯ ಬುಡದಲ್ಲಿ ಒಂದು ಬೋಲ್ಟು, ಅದರ ಮೇಲೊಂದು ದಪ್ಪ ವಾಷರು, ವಾಷರಿನ ಮೇಲೊಂದು ನಟ್ಟು, ನಟ್ಟಿನ ಮೇಲೆ ಇನ್ನೊಂದು ನಟ್ಟು.

"ಇದು ಮಷೀನಿನ ಜೊತೆಗೇ ಬಂದಿದ್ದಾ ಮೇಸ್ತ್ರಿಗಳೇ?"

ಆ ಪ್ರಶ್ನೆ ಭಾವನಿಗೆ ಒಂದೇ ಸಲಕ್ಕೆ ಕೇಳಿಸಿತು. ಮುಖ ಹುಳ್ಳಗಾಯಿತು.

"ನಾನು ಹಾಕಿದ್ದು. ರಿವೆಟ್ಟು ಸ್ವಲ್ಪ ಸಡಿಲ ಅನ್ನಿಸ್ತು" ಎಂದರು. "ಗಟ್ಟಿಯಾಗಿರಲಿ ಅಂತ."

ಅಕ್ಕ ನಗು ತಡೆಯಲಾಗದೆ ಸೆರಗನ್ನು ಬಾಯಿಗೆ ಒತ್ತಿಕೊಂಡು ಗೋಡೆ ಕಡೆ ತಿರುಗಿದಳು. ನಾನಂತೂ ನಕ್ಕೇಬಿಟ್ಟೆ. ಮಷೀನನ್ನು ನಡುಗಿಸಿದ್ದೂ ಇವರೇ, ಆ ನಡುಕವನ್ನು ನಾಲ್ಕು ಬೋಲ್ಟು ಹಾಕಿ ವಾಚಮ್ಮನ ಮೇಜಿಗೆ ತಲುಪಿಸಿದ್ದೂ ಇವರೇ. ವಾಚಮ್ಮ ಮಾತ್ರ ನಗಲಿಲ್ಲ. ಬೋಲ್ಟು ತೆಗೆಸಿ ಅಲ್ಲಿಗೆ ಅದೇ ಅಳತೆಯ ಸಣ್ಣ ರಿವೆಟ್ಟು ಕೂರಿಸಿದರು. ಬಳಿಕ ಚಕ್ರ ತಿರುಗಿಸಿದಾಗ ಗೆರೆ ಒಮ್ಮೆ ಮೇಲೆ ನಿಂತಿತು, ಒಮ್ಮೆ ಪಕ್ಕಕ್ಕೆ ನಿಂತಿತು.

ಗೂಡು ಮತ್ತೆ ಮುಚ್ಚಿಸಿ, ಆಮೇಲೆ ಪೊಟ್ಟಣ ಬಿಚ್ಚಿದರು. ಚಪ್ಪಲಿ ರಿಪೇರಿಯವನ ಹತ್ತಿರ ಕತ್ತರಿಸಿಕೊಂಡು ಬಂದ ದಪ್ಪ ರಬ್ಬರಿನ ಎಂಟು ತುಂಡುಗಳಿದ್ದವು. ಗೋಡೆಯ ಪಟ್ಟಿಗಳನ್ನು ತೆಗೆಸಿದರು. ಮಷೀನಿನ ಪ್ರತಿ ಕಾಲಿನ ಕೆಳಗೊಂದು ರಬ್ಬರು, ಮೇಲೊಂದು ರಬ್ಬರು, ಅದರ ಮೇಲೆ ನಟ್ಟು. ಕಬ್ಬಿಣ ನೆಲಕ್ಕೆ ತಾಕಬಾರದು. ಭಾವ ಹೇಳಿದಂತೆ ಮಾಡಿದರು, ಸ್ಪ್ಯಾನರ್ ಹಾಕಿ ನಾಲ್ಕೂ ನಟ್ಟನ್ನು ತಮ್ಮ ಎಂದಿನ ಶಕ್ತಿಯಲ್ಲಿ ತಿರುಗಿಸಿದರು. ರಬ್ಬರು ಅಪ್ಪಚ್ಚಿಯಾಗಿ ಅಂಚಿನಲ್ಲಿ ಉಬ್ಬಿ ಹೊರಗೆ ಬಂತು.

"ಸತ್ತೇ ಹೋಯ್ತಲ್ಲ ಅದು" ಎಂದರು ವಾಚಮ್ಮ. "ರಬ್ಬರಿಗೆ ಆಡೋಕೆ ಜಾಗ ಇರಬೇಕು. ಹಿಂದಕ್ಕೆ ತಿರುಗಿಸಿ. ಎರಡು ಸುತ್ತು."

ಭಾವ ನಟ್ಟಿಗೆ ಸ್ಪ್ಯಾನರ್ ಹಚ್ಚಿದರು. ಅರ್ಧ ಸುತ್ತು ತಿರುಗಿಸಿ ನಿಲ್ಲಿಸಿದರು.

"ಇನ್ನೂ" ಎಂದರು ವಾಚಮ್ಮ.

ಭಾವ ಸ್ಪ್ಯಾನರನ್ನು ನೆಲಕ್ಕಿಟ್ಟು, "ಆಗಲ್ಲ ಅಮ್ಮಾವ್ರೇ" ಎಂದರು.

ನಾನು ಏನೋ ತಮಾಷೆ ಮಾಡಲು ಬಾಯಿ ತೆರೆದಿದ್ದೆ. ಅವರ ಮುಖ ನೋಡಿ ಮುಚ್ಚಿದೆ.

"ಮಷೀನು ಇಳಿಸೋದಾದ್ರೆ ಇಳಿಸಿಬಿಡೋಣ" ಎಂದರು ಭಾವ. ನೆಲದ ಮೇಲೆ ಕಾಲು ಚಾಚಿ ಕೂತಿದ್ದರು, ಯಾರ ಕಡೆಯೂ ನೋಡುತ್ತಿರಲಿಲ್ಲ. "ನನಗೆ ಇಪ್ಪತ್ನಾಲ್ಕು ವರ್ಷ ಆಗ. ಪ್ರೆಸ್ಸಲ್ಲಿ ಕಾಗದ ಕತ್ತರಿಸೋ ಮಷೀನಿಗೆ ಮುಂದೊಂದು ತಡೆ ಇರುತ್ತೆ, ಕೈ ಒಳಗೆ ಹೋಗದೆ ಇರಲಿ ಅಂತ. ಅದರ ನಟ್ಟು ಒಂದು ಸಡಿಲ ಆಗಿತ್ತು. ನಾನು ನೋಡಿದ್ದೆ. ಊಟದ ಬೆಲ್ ಆಯ್ತು. ಉಂಡು ಬಂದು ಮಾಡೋಣ ಅಂದ್ಕೊಂಡೆ. ಅಷ್ಟೇ. ಉಂಡು ಬರೋ ಹೊತ್ತಿಗೆ ಆ ಮಷೀನು ಓಡಿಸ್ತಿದ್ದವನದು ಎರಡು ಬೆರಳು ಹೋಗಿತ್ತು. ನನ್ನ ಜೊತೆಗೇ ಕೆಲಸಕ್ಕೆ ಸೇರಿದವನು. ನನ್ನನ್ನ ಒಂದು ಮಾತೂ ಅನ್ನಲಿಲ್ಲ ಅವನು, ಯಾರಿಗೂ ಹೇಳ್ಲೂ ಇಲ್ಲ. ಬಿಗಿ ಅಂತ ಮೊದಲು ಕರೆದವನು ಅವನೇ. ಅವತ್ತಿಂದ ಒಂದು ನಟ್ಟು ಸಡಿಲ ಇದೆ ಅಂದ್ರೆ ನನಗೆ ಅನ್ನ ಇಳಿಯಲ್ಲ."

ಮೂವತ್ತೈದು ವರ್ಷ ಸಂಸಾರ ಮಾಡಿದ ಅಕ್ಕ ಇದನ್ನು ಮೊದಲ ಸಲ ಕೇಳುತ್ತಿದ್ದಳು. ನಾನು ಆ ಹೆಸರನ್ನು ಹಿಡಿದು ಎಷ್ಟು ನಕ್ಕಿದ್ದೆ, ನೆಂಟರಿಷ್ಟರ ಮುಂದೆಲ್ಲ ಎಷ್ಟು ನಗಿಸಿದ್ದೆ. ನನಗೆ ನಾಚಿಕೆಯಾಯಿತು. ಇದನ್ನು ಬೇರೆ ಥರ ಹೇಳಲು ಬರುವುದಿಲ್ಲ, ಬಹಳ ನಾಚಿಕೆಯಾಯಿತು.

ವಾಚಮ್ಮ ಅಯ್ಯೋ ಅನ್ನಲಿಲ್ಲ. ಸ್ಟೂಲಿನಿಂದ ಎದ್ದು, ಮೊಣಕಾಲು ಹಿಡಿದುಕೊಂಡು ಭಾವನ ಪಕ್ಕದಲ್ಲೇ ನೆಲಕ್ಕೆ ಕೂತರು. ಬಲಕಿವಿಯ ಕಡೆ ಕೂತರು ಎಂಬುದನ್ನು ನಾನು ಗಮನಿಸಿದೆ.

"ಸಡಿಲ ಮಾಡಿ ಅಂದ್ರೆ ಬಿಟ್ಟುಬಿಡಿ ಅಂತಲ್ಲ" ಎಂದರು. "ಈ ನಟ್ಟನ್ನ ಎರಡು ಸುತ್ತು ಹಿಂದಕ್ಕೆ ತಗೊಳ್ಳಿ. ಅದರ ಮೇಲೆ ಇನ್ನೊಂದು ನಟ್ಟು ತಂದು ಕೂಡಿಸಿ. ಆ ಎರಡನ್ನ ಒಂದಕ್ಕೊಂದು ಎಷ್ಟು ಬೇಕೋ ಅಷ್ಟು ಬಿಗಿ ಮಾಡಿ, ನಿಮ್ಮ ಶಕ್ತಿಯೆಲ್ಲ ಹಾಕಿ, ನಾನು ಬೇಡ ಅನ್ನಲ್ಲ. ನಟ್ಟು ಎಲ್ಲೂ ಹೋಗಲ್ಲ. ರಬ್ಬರಿಗೆ ಮಾತ್ರ ಉಸಿರಾಡೋಕೆ ಬಿಡಿ."

ಭಾವ ಸ್ವಲ್ಪ ಹೊತ್ತು ಆ ನಟ್ಟನ್ನೇ ನೋಡಿದರು. ಆಮೇಲೆ ಸ್ಪ್ಯಾನರ್ ಎತ್ತಿಕೊಂಡರು. ಮೊದಲನೆಯ ನಟ್ಟನ್ನು ಎರಡು ಸುತ್ತು ಹಿಂದಕ್ಕೆ ತಿರುಗಿಸಿದರು. ಮೇಲೆ ಎರಡನೆಯದನ್ನು ಕೂರಿಸಿ ಹಲ್ಲು ಕಚ್ಚಿ ಬಿಗಿ ಮಾಡಿದರು. ಹೀಗೆ ನಾಲ್ಕು ಕಾಲಿಗೂ ಮಾಡಿದರು. ಮುಗಿಸಿ ಮಷೀನನ್ನು ಭುಜದಿಂದ ತಳ್ಳಿದರೆ ಅದು ಒಂದು ಎಳೆಯಷ್ಟು ಅತ್ತಿತ್ತ ಆಡಿ ಮತ್ತೆ ತನ್ನ ಜಾಗಕ್ಕೆ ಬಂತು. ಭಾವ ಕಣ್ಣು ಬೇರೆ ಕಡೆ ತಿರುಗಿಸಿದರು.

"ಈಗ ನೀವು ನನ್ನ ಜೊತೆ ಕೆಳಗೆ ಬನ್ನಿ. ಸ್ವಿಚ್ ನಿಮ್ಮ ಮನೆಯವರು ಹಾಕಲಿ" ಎಂದರು ವಾಚಮ್ಮ.

ನಾನೂ ಅವರ ಹಿಂದೆ ಇಳಿದೆ. ವಾಚಮ್ಮನ ಮೇಜು ಕಿಟಕಿಯ ಪಕ್ಕ ಇತ್ತು, ಮೇಲೆ ಹಾಲಿನಂಥ ಬಿಳಿ ಗಾಜು. ಗಾಜಿನ ಮೇಲೆ ಅವರು ಐದಾರು ಸ್ಕ್ರೂಗಳನ್ನು ಚಿಮಟದಿಂದ ಎತ್ತಿ ಒಂದೊಂದಾಗಿ ಸಾಲಾಗಿ ಇಟ್ಟರು. ಭಾವನಿಗೆ ಕಿವಿಯ ಮೇಲೆ ಭರವಸೆಯಿಲ್ಲ. ಬಲಗೈಯನ್ನು ಅಗಲಿಸಿ ಸ್ಕ್ರೂಗಳ ಪಕ್ಕದಲ್ಲಿ ಗಾಜಿನ ಮೇಲೆ ಒತ್ತಿ ಇಟ್ಟು, ಉಸಿರು ಬಿಗಿಹಿಡಿದು ಕಾದರು. ನಾನು ಬಾಗಿಲಿಗೆ ಹೋಗಿ ಮೇಲಕ್ಕೆ ಕೂಗಿದೆ. ಮೇಲಿನಿಂದ ಹೂಂ ಎಂದು ಉತ್ತರ ಬಂತು. ಕಿವಿಗೊಟ್ಟರೆ ದೂರದಲ್ಲೆಲ್ಲೋ ಗಾಳಿ ಬೀಸಿದಂಥ ಸದ್ದು, ಅಷ್ಟೇ. ಗೋಡೆಯ ಮೇಲೆ ಗಡಿಯಾರಗಳು ಟಿಕ್ ಟಿಕ್ ಅನ್ನುವುದು ಅದಕ್ಕಿಂತ ಜೋರಾಗಿ ಕೇಳುತ್ತಿತ್ತು. ಭಾವ ಹಾಗೇ ನಿಂತಿದ್ದರು. ಮೂರು ನಿಮಿಷ, ಐದು ನಿಮಿಷ. ಸ್ಕ್ರೂಗಳು ಇಟ್ಟಲ್ಲೇ ಇದ್ದವು.

"ಯಾಕೆ ಇನ್ನೂ ಹಾಕಿಲ್ಲ ಅವಳು?" ಎಂದರು ಭಾವ.

ನಾನು ಅವರ ಬಲಕಿವಿಯ ಹತ್ತಿರ ಹೋಗಿ, "ಹಾಕಿ ಆಗಲೇ ಐದು ನಿಮಿಷ ಆಯ್ತು ಭಾವ" ಎಂದೆ. ಎರಡು ಸಲ ಹೇಳಬೇಕಾಯಿತು.

ಭಾವ ನನ್ನ ಮುಖ ನೋಡಿದರು. ಆಮೇಲೆ ಗಾಜಿನ ಮೇಲೆ ಹರಡಿದ್ದ ತಮ್ಮ ಕೈಯನ್ನು ನೋಡಿದರು. ತೆಗೆಯಲಿಲ್ಲ. ಇನ್ನೂ ಸ್ವಲ್ಪ ಒತ್ತಿದರು. ಕಣ್ಣಲ್ಲಿ ನೀರು ತುಂಬಿ ಒಂದು ಹನಿ ಆ ಗಾಜಿನ ಮೇಲೆಯೇ ಬಿತ್ತು, ಸ್ಕ್ರೂ ಸಾಲಿಗೆ ತೀರ ಹತ್ತಿರ. ವಾಚಮ್ಮ ಒಂದು ಬಟ್ಟೆ ತೆಗೆದು ಅದನ್ನು ಒರೆಸಿ, ಭೂತಗನ್ನಡಿಯನ್ನು ಕಣ್ಣಿಗೆ ಇಳಿಸಿಕೊಂಡು, ಕುರ್ಚಿ ಎಳೆದು ಕೂತರು.

"ಕೈ ತೆಗೀರಿ ಮೇಸ್ತ್ರಿಗಳೇ, ನನಗೆ ಕೆಲಸ ಇದೆ" ಎಂದರು. "ನಿಮಗೂ ಇದೆ. ಮೇಲೆ ಹೋಗಿ."